ಪ್ಲಸ್ ಟೂ ಆದ ಕೂಡಲೇ ಕೆಲಸವೋ, ಬಿ.ಕಾಂ. ಮುಗಿಸಿಯೇ ಕೆಲಸವೋ? ಕಾಸರಗೋಡು ಕಡೆಯವರು ಹೇಳಿ

ಶಿರಿಯ ಹೊಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ 18 ವರ್ಷ. ಪ್ಲಸ್ ಟೂ ಕಾಮರ್ಸ್, ಶೇ. 74. ಹತ್ತನೆಯವರೆಗೆ ಕನ್ನಡ ಮೀಡಿಯಂ. ಮಲಯಾಳ ಮಾತಾಡ್ತಾನೆ, ಓದುವಾಗ ತಡವರಿಸ್ತಾನೆ. ಮಂಗಳೂರಿನ ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಮತ್ತು ಅಕೌಂಟ್ಸಿಗೆ ಜನ ಬೇಕಂತೆ, ತಿಂಗಳಿಗೆ 12,000. ಇನ್ನೊಂದು ದಾರಿ ಕಣ್ಣೂರು ವಿಶ್ವವಿದ್ಯಾನಿಲಯದ ಕೆಳಗಿನ ಕಾಲೇಜಿನಲ್ಲಿ ಬಿ.ಕಾಂ.

ಅಪ್ಪನಿಗೆ ಡಿಗ್ರಿ ಆಗಲೇಬೇಕು. ಮಾವ ಹೇಳುವುದು, ಮೂರು ವರ್ಷ ಅಂಗಡಿಯಲ್ಲಿ ಕೂತರೆ ಡಿಗ್ರಿಯವರಿಗಿಂತ ಮುಂದೆ ಹೋಗ್ತಾನೆ, ಡಿಗ್ರಿ ಬರೀ ಕಾಗದ ಅಂತ. ಯಾವುದು ದೊಡ್ಡದು ಅನ್ನುವ ಚರ್ಚೆ ಮನೆಯಲ್ಲಿ ಬೇಕಾದಷ್ಟು ಆಗಿದೆ, ಇಲ್ಲಿ ಅದು ಬೇಡ. ಮುಂದೆ ಅವನ ಕಣ್ಣು ಇರುವುದು ಮೂರು ಕಡೆಗೆ: ಸಹಕಾರಿ ಬ್ಯಾಂಕು, ಪಿಎಸ್‌ಸಿ (ಕೇರಳ ಲೋಕಸೇವಾ ಆಯೋಗದ ಮೂಲಕ ಸರ್ಕಾರಿ ಕೆಲಸ), ಇಲ್ಲದಿದ್ದರೆ ಗಲ್ಫ್. ಇವುಗಳಲ್ಲಿ ಎಲ್ಲಿ ಎಂತ ಕೇಳ್ತಾರೆ, ಯಾವ ಕಾಗದ ನಡೀತದೆ, ಯಾವುದು ನಡಿಯುವುದಿಲ್ಲ ಅಂತ ಗೊತ್ತಿದ್ದವರು ಹೇಳಿ.

ತಲಪಾಡಿ ಗೇಟು

ಮೊದಲು ಆ 12,000ದ ಲೆಕ್ಕ ನೋಡುವ. ಅಂಗಡಿಯಲ್ಲಿ 20 ಅಥವಾ ಹೆಚ್ಚು ಜನ ಇದ್ದರೆ ಪಿಎಫ್ ಕಡ್ಡಾಯ, 10 ಜನ ಇದ್ದರೆ ಇಎಸ್‌ಐ ಅನ್ನುವ ಕಾರ್ಮಿಕರ ವಿಮೆ ಕಡ್ಡಾಯ (ಸಂಬಳ 21,000ದ ಒಳಗೆ ಇರುವವರಿಗೆ). ಪೂರ್ತಿ ಸಂಬಳದ ಮೇಲೆ ಹಿಡಿದರೆ ಪಿಎಫ್ ಶೇ. 12, ಅಂದರೆ 1,440. ಇಎಸ್‌ಐ ಶೇ. 0.75, ಅಂದರೆ 90. ಕೈಗೆ ಬರುವುದು 10,470. ಇದನ್ನು ನೋಡಿ ಹೆಚ್ಚಿನ ಹುಡುಗರು "ಪಿಎಫ್ ಬೇಡ, ಪೂರಾ ಕೈಗೆ ಕೊಡಿ" ಅಂತಾರೆ, ಧಣಿಗೂ ಅದೇ ಬೇಕು. ಆದರೆ ನಾಳೆ ಇನ್ನೊಂದು ಕಂಪೆನಿಯವರು "ಮೂರು ವರ್ಷ ಅನುಭವ ಉಂಟು ಅಂತೀರಿ, ಎಲ್ಲಿ?" ಎಂದು ಕೇಳಿದರೆ ತೋರಿಸಲಿಕ್ಕೆ ಇರುವ ಗಟ್ಟಿ ದಾಖಲೆ ಯುಎಎನ್ (ಪಿಎಫ್ ಸದಸ್ಯನ ನಂಬರ್) ಪಾಸ್‌ಬುಕ್ಕೇ. ಸೇರಿದ ತಾರೀಕು, ಬಿಟ್ಟ ತಾರೀಕು, ತಿಂಗಳು ತಿಂಗಳಿನ ಜಮೆ, ಎಲ್ಲ ಅದರಲ್ಲಿ ಇರ್ತದೆ. ಲೆಟರ್‌ಹೆಡ್ಡಿನಲ್ಲಿ ಬರೆದ ಚೀಟಿಯನ್ನು ಯಾರು ಬೇಕಾದರೂ ಬರೆಸಬಹುದು ಅಂತ ಎಚ್‌ಆರ್‌ನವರಿಗೆ ಗೊತ್ತಿಲ್ಲವಾ?

ಅಂಗಡಿಯಲ್ಲಿ ಆರೇಳೇ ಜನ ಇದ್ದರೆ ಪಿಎಫ್ ಇರಲಿಕ್ಕಿಲ್ಲ. ಹಾಗಾದರೆ ಸಂಬಳ ಬ್ಯಾಂಕ್ ಖಾತೆಗೇ ಬರಲಿ, ನಗದು ಬೇಡ. ಸೇರುವಾಗ ಹುದ್ದೆಯ ಹೆಸರು ಇರುವ ನೇಮಕ ಪತ್ರ ಕೇಳಿ. "ಹೆಲ್ಪರ್" ಅಂತ ಬರೆದರೆ ಒಪ್ಪಬೇಡಿ, "ಅಕೌಂಟ್ಸ್ ಅಸಿಸ್ಟೆಂಟ್" ಅಂತಲೇ ಇರಲಿ. ಬಿಡುವಾಗ ಹುದ್ದೆ, ಮಾಡಿದ ಕೆಲಸ, ಎರಡು ತಾರೀಕು ಇರುವ ಪತ್ರ ತಕ್ಕೊಳ್ಳಿ. ಸೀಲು ತಾರೀಕಿನ ಮೇಲೇ ಬಿದ್ದು ಅಂಕೆ ಕಾಣದ ಪತ್ರಗಳು ಎಷ್ಟೋ ಬರ್ತವೆ. ಅಂಥದ್ದು ಸಿಕ್ಕಿದರೆ ನಾಚಿಕೆ ಮಾಡದೆ ಆಗಲೇ ಇನ್ನೊಂದು ಕೇಳಿ.

ಇನ್ನು ಅನುಭವ ಅಂದರೆ ಎಂತ? ಮೂರು ವರ್ಷ ಬರೀ ಬಿಲ್ ಹೊಡೆದರೆ ಅದು ಒಂದು ವರ್ಷದ ಅನುಭವವನ್ನೇ ಮೂರು ಸಲ ಮಾಡಿದ ಹಾಗೆ. ಅಕೌಂಟ್ಸಿನವ ಅಂತ ಹೇಳಿಸಿಕೊಳ್ಳಬೇಕಾದರೆ ತಿಂಗಳ ಚಕ್ರ ಪೂರ್ತಿ ಕೈಯಲ್ಲಿ ಹಾದುಹೋಗಬೇಕು. 7ನೇ ತಾರೀಕಿನ ಒಳಗೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್), 14ಕ್ಕೆ 2ಬಿ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಬಂದ ಮೇಲೆ ಖರೀದಿ ಬಿಲ್ಲುಗಳನ್ನು ಅದರ ಜತೆ ತಾಳೆ ನೋಡುವುದು, 20ಕ್ಕೆ 3ಬಿ ಅಂದರೆ ತೆರಿಗೆ ಕಟ್ಟುವ ರಿಟರ್ನ್ (ತಿಂಗಳ ರಿಟರ್ನಿನವರಿಗೆ), ಕೊನೆಗೆ ಬ್ಯಾಂಕ್ ರಿಕನ್ಸಿಲಿಯೇಶನ್ (ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜತೆ ತಾಳೆ ನೋಡುವುದು). ಸಂದರ್ಶನದಲ್ಲಿ ತಿಳಿದವರು ಕೇಳುವುದು "ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬರ್ತದಾ" ಅಂತ ಅಲ್ಲ, "2ಬಿಯಲ್ಲಿ ಬಾರದ ಬಿಲ್ಲಿಗೆ ಎಂತ ಮಾಡ್ತೀ" ಅಂತ.

ಒಂದು ಉದಾಹರಣೆ ಹೇಳ್ತೇನೆ, ಗಡಿಯಲ್ಲಿ ದಿನಾ ಆಗುವುದು. ಉಪ್ಪಳದ ಅಂಗಡಿಯವ ಮಂಗಳೂರಿನಿಂದ 40 ರೂಫಿಂಗ್ ಶೀಟು ತರಿಸ್ತಾನೆ. ಅವನ ಜಿಎಸ್‌ಟಿ ನಂಬರ್ 32ರಿಂದ ಶುರು, ಅದು ಕೇರಳದ ಕೋಡ್. ಮಂಗಳೂರಿನವನದ್ದು 29. ಟ್ಯಾಲಿಯಲ್ಲಿ ಗಿರಾಕಿಯ ವಿವರ ತುಂಬುವಾಗ ಮಂಗಳೂರಿನ ಅಂಗಡಿಯ ಹುಡುಗ ಕಣ್ಣುಮುಚ್ಚಿ ರಾಜ್ಯ "ಕರ್ನಾಟಕ" ಅಂತ ಕೊಟ್ಟರೆ ಟ್ಯಾಲಿ ಒಂದೇ ರಾಜ್ಯದೊಳಗಿನ ಮಾರಾಟ ಅಂತ ಸಿಜಿಎಸ್‌ಟಿ ಶೇ. 9, ಎಸ್‌ಜಿಎಸ್‌ಟಿ ಶೇ. 9 ಹಾಕ್ತದೆ. ಹಾಕಬೇಕಾದದ್ದು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ಐಜಿಎಸ್‌ಟಿ ಶೇ. 18. ಒಟ್ಟು ದುಡ್ಡು ಒಂದೇ ಆದ ಕಾರಣ ಬಿಲ್ ಕೊಡುವಾಗ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಉಪ್ಪಳದವನಿಗೆ ಕೊಟ್ಟ ತೆರಿಗೆಯ ಕ್ರೆಡಿಟ್ ಸಿಗದೆ ಫೋನ್ ಬರುವಾಗ ಗೊತ್ತಾಗ್ತದೆ. ಆಗ ಜಿಎಸ್‌ಟಿಆರ್-1ರಲ್ಲಿ ತಿದ್ದುಪಡಿ ಹಾಕಬೇಕು, ಐಜಿಎಸ್‌ಟಿ ಹೊಸತಾಗಿ ಕಟ್ಟಬೇಕು, ತಪ್ಪು ಖಾತೆಗೆ ಹೋದದ್ದಕ್ಕೆ ರಿಫಂಡ್ ಅರ್ಜಿ ಹಾಕಬೇಕು. ಇದನ್ನು ಬಿ.ಕಾಂ. ತರಗತಿಯಲ್ಲಿ ಇಷ್ಟು ಬಿಡಿಸಿ ಹೇಳುವುದು ಕಡಿಮೆ. ಮಾವ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ.

ಆದರೆ ಅದೇ ಕೆಲಸವನ್ನು ಹತ್ತು ವರ್ಷ ಮಾಡಿದವನೂ ಡಿಗ್ರಿ ಇಲ್ಲದೆ ಜಿಎಸ್‌ಟಿ ಪ್ರಾಕ್ಟೀಶನರ್ (ಬೇರೆಯವರ ಜಿಎಸ್‌ಟಿ ರಿಟರ್ನ್ ಹಾಕಿಕೊಡುವವ) ಆಗಿ ಹೆಸರು ನೋಂದಾಯಿಸುವ ಹಾಗಿಲ್ಲ. ಜಿಎಸ್‌ಟಿ ನಿಯಮ 83ರಲ್ಲಿ ಕೇಳುವುದು ಕಾಮರ್ಸ್, ಕಾನೂನು, ಬ್ಯಾಂಕಿಂಗ್, ಬಿಸಿನೆಸ್ ಅಡ್ಮಿನಿಸ್ಟ್ರೇಶನ್ ಇಂಥ ಪದವಿ, ಇಲ್ಲವೇ ಸಿಎ, ಸಿಎಂಎ, ಸಿಎಸ್ ಫೈನಲ್. ಹಳೇ ಸೇಲ್ಸ್ ಟ್ಯಾಕ್ಸ್ ಪ್ರಾಕ್ಟೀಶನರುಗಳಿಗೆ, ನಿವೃತ್ತ ಅಧಿಕಾರಿಗಳಿಗೆ ಬೇರೆ ದಾರಿ ಉಂಟು, ಅದು ನಿಮ್ಮ ತಮ್ಮನಿಗೆ ಬೇಡ. ಹಾಗಾಗಿ ಇನ್ನೊಬ್ಬನ ಅಂಗಡಿಯಲ್ಲಿ ಲೆಕ್ಕ ಬರೆಯಲಿಕ್ಕೆ ಅನುಭವ ಸಾಕು, ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಸ್ವಂತ ಬೋರ್ಡು ಹಾಕಿ ಕೂರಲಿಕ್ಕೆ ಪದವಿ ಬೇಕು.

ಮಧುವಾಹಿನಿ

ಸಹಕಾರಿ ಬ್ಯಾಂಕಿನ ಬಗ್ಗೆ ಮಾತ್ರ ಹೇಳುತ್ತೇನೆ. ಅಲ್ಲಿ ಡಿಗ್ರಿಗೂ ಅನುಭವಕ್ಕೂ ಮೊದಲು ಕೇಳುವುದು ಮೂರನೆಯದೇ ಒಂದನ್ನು: ಸಹಕಾರದ ಡಿಪ್ಲೊಮಾ.

ಕೇರಳದ ಪ್ರಾಥಮಿಕ ಸಹಕಾರಿ ಸಂಘಗಳಲ್ಲಿ ಜೂನಿಯರ್ ಕ್ಲರ್ಕ್ ಮತ್ತು ಅದಕ್ಕಿಂತ ಮೇಲಿನ ಹುದ್ದೆಗಳಿಗೆ ಸಹಕಾರಿ ಸೇವಾ ಪರೀಕ್ಷಾ ಮಂಡಳಿ ಪರೀಕ್ಷೆ ನಡೆಸುತ್ತದೆ. ಜೂನಿಯರ್ ಕ್ಲರ್ಕಿಗೆ ಎಸ್‌ಎಸ್‌ಎಲ್‌ಸಿ ಮತ್ತು ಜೆಡಿಸಿ ಸಾಕು. ಜೆಡಿಸಿ ಅಂದರೆ ಜೂನಿಯರ್ ಡಿಪ್ಲೊಮಾ ಇನ್ ಕೋಆಪರೇಶನ್, ರಾಜ್ಯ ಸಹಕಾರಿ ಯೂನಿಯನ್ ನಡೆಸುವ 10 ತಿಂಗಳ ಕೋರ್ಸು. ಇದಕ್ಕೆ ಬದಲು ಸಹಕಾರ ವಿಷಯ ಇರುವ ಬಿ.ಕಾಂ., ಅಥವಾ ಯಾವುದಾದರೂ ಪದವಿಯ ಮೇಲೆ ಎಚ್‌ಡಿಸಿ (ಸಹಕಾರದ ಹೈಯರ್ ಡಿಪ್ಲೊಮಾ) ಇದ್ದರೂ ಆಗುತ್ತದೆ. ಗಮನಿಸಿ, ಮಾಮೂಲಿ ಬಿ.ಕಾಂ. ಒಂದೇ ಇದ್ದರೆ ಆಗುವುದಿಲ್ಲ. ಫೈನಾನ್ಸ್, ಕಂಪ್ಯೂಟರ್ ಅಪ್ಲಿಕೇಶನ್ ಇಂಥ ಐಚ್ಛಿಕ ತೆಗೆದುಕೊಂಡು ಮೂರು ವರ್ಷದ ನಂತರ ಮತ್ತೆ ಎಚ್‌ಡಿಸಿಗೆ ಓಡುವವರು ಬಹಳ. ಸಹಕಾರ ಐಚ್ಛಿಕ ಇರುವ ಕಾಲೇಜು ಯಾವುದು ಎಂದು ಸೇರುವ ಮೊದಲೇ ನೋಡಿ.

ನಮ್ಮ ಜಿಲ್ಲೆಯವರಿಗೆ ಅಧಿಸೂಚನೆಯಲ್ಲಿ ಒಂದು ವಿಶೇಷ ಸಾಲು ಬರುತ್ತದೆ: ಕಾಸರಗೋಡು ಜಿಲ್ಲೆಯ ಅಭ್ಯರ್ಥಿಗಳಿಗೆ ಕರ್ನಾಟಕ ರಾಜ್ಯ ಸಹಕಾರಿ ಫೆಡರೇಶನ್ನಿನ ಸಹಕಾರ ಡಿಪ್ಲೊಮಾ ಜಿಡಿಸಿಯನ್ನು ಜೆಡಿಸಿಗೆ ಸಮಾನವೆಂದು ಪರಿಗಣಿಸಲಾಗುತ್ತದೆ. ಮಲಯಾಳ ಓದಲು ತಡವರಿಸುವ ಹುಡುಗನಿಗೆ ಇದು ದೊಡ್ಡ ಅನುಕೂಲ. ಆದರೆ ಆ ಸಾಲಿನಲ್ಲಿ ಇರುವುದು "ಜಿಡಿಸಿ" ಎಂಬ ಹೆಸರು. ಸೇರುವ ಕೋರ್ಸಿಗೆ ಬೇರೆ ಹೆಸರಿದ್ದರೆ ಇದು ನಡೆಯುತ್ತದೆಯೇ ಎಂದು ಮಂಡಳಿಗೆ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕಿದ "ಹಾಂ, ನಡೀಬಹುದು" ಎಂಬ ಉತ್ತರ ಪ್ರಮಾಣಪತ್ರ ಪರಿಶೀಲನೆಯ ದಿನ ಉಪಯೋಗಕ್ಕೆ ಬಾರದು.

ಮೇಲಕ್ಕೆ ಹೋದಂತೆ ಎರಡೂ ಬೇಕಾಗುತ್ತದೆ. ಡಾಟಾ ಎಂಟ್ರಿ ಆಪರೇಟರಿಗೆ ಪದವಿ, ಕಂಪ್ಯೂಟರ್ ಪ್ರಮಾಣಪತ್ರ, ಒಂದು ವರ್ಷದ ಅನುಭವ. ನೇರ ನೇಮಕಾತಿಯ ಸೆಕ್ರೆಟರಿ ಹುದ್ದೆಗೆ ಪದವಿ ಮತ್ತು ಎಚ್‌ಡಿಸಿ ಇರುವವರು ಸಹಕಾರಿ ಬ್ಯಾಂಕಿನಲ್ಲಿ ಅಕೌಂಟೆಂಟ್ ಅಥವಾ ಮೇಲಿನ ಹುದ್ದೆಯಲ್ಲಿ 7 ವರ್ಷ ಕೆಲಸ ಮಾಡಿರಬೇಕು. ಹಾರ್ಡ್‌ವೇರ್ ಅಂಗಡಿಯ 7 ವರ್ಷ ಅಲ್ಲಿ ಲೆಕ್ಕಕ್ಕಿಲ್ಲ.

ಪೊಸಡಿಗುಂಪೆ

ಪಿಎಸ್‌ಸಿ ವಿಷಯಕ್ಕೆ ಬರೋಣ. ಇಲ್ಲಿ ಡಿಗ್ರಿ ಮತ್ತು ಅನುಭವದ ಪೈಕಿ ಯಾವುದು ಹೆಚ್ಚು ಎಂಬುದಕ್ಕಿಂತ ಯಾವುದು ಮೊದಲು ಎಂಬುದೇ ಮುಖ್ಯ. ಇದನ್ನು ತಿಳಿಯದೆ ಅರ್ಜಿ ತಿರಸ್ಕೃತವಾಗುವವರು ಪ್ರತಿ ಸಲವೂ ಇದ್ದಾರೆ.

ಕೇರಳ ರಾಜ್ಯ ಮತ್ತು ಅಧೀನ ಸೇವಾ ನಿಯಮಗಳ ಎರಡನೇ ಭಾಗದಲ್ಲಿ 10(ಎಬಿ) ಎಂಬ ನಿಯಮವಿದೆ. ಹುದ್ದೆಗೆ ಅನುಭವ ಬೇಕೆಂದು ಹೇಳಿದ್ದರೆ, ಬೇರೆ ರೀತಿ ಸ್ಪಷ್ಟವಾಗಿ ಹೇಳದ ಹೊರತು, ಆ ಹುದ್ದೆಯ ಮೂಲ ವಿದ್ಯಾರ್ಹತೆ ಪಡೆದ ನಂತರದ ಅನುಭವ ಮಾತ್ರ ಪರಿಗಣನೆಗೆ ಬರುತ್ತದೆ. ಉದಾಹರಣೆಗೆ ಒಂದು ಹುದ್ದೆಗೆ "ಬಿ.ಕಾಂ. ಮತ್ತು 2 ವರ್ಷದ ಅನುಭವ" ಎಂದಿದೆ. ನಿಮ್ಮ ತಮ್ಮ ಈಗ ಕೆಲಸಕ್ಕೆ ಸೇರಿ, ಜತೆಗೆ ದೂರಶಿಕ್ಷಣದಲ್ಲಿ ಬಿ.ಕಾಂ. ಮುಗಿಸಿ, ನಾಲ್ಕು ವರ್ಷದ ಅನುಭವದ ಜತೆ ಅರ್ಜಿ ಹಾಕಿದ ಎಂದಿಟ್ಟುಕೊಳ್ಳಿ. ಅದರಲ್ಲಿ ಮೂರು ವರ್ಷ ಪದವಿಗಿಂತ ಹಿಂದಿನದು. ಲೆಕ್ಕಕ್ಕೆ ಸಿಗುವುದು ಒಂದೇ ವರ್ಷ. ತಿರಸ್ಕೃತ.

ಎರಡನೆಯದು, ಅನುಭವ ಪ್ರಮಾಣಪತ್ರದ ನಮೂನೆ. ಪಿಎಸ್‌ಸಿಗೆ ಅದರದ್ದೇ ನಮೂನೆ ಇದೆ. ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ, ನೋಂದಣಿ ಮಾಡಿದ ಪ್ರಾಧಿಕಾರ ಮತ್ತು ದಿನಾಂಕ, ಹುದ್ದೆ, ಕೆಲಸದ ಸ್ವರೂಪ, ಅವಧಿ, ಸಹಿ ಮಾಡಿದವರ ಹೆಸರು ಮತ್ತು ಪದನಾಮ. ಇಷ್ಟು ಧಣಿ ತುಂಬಿಸುವ ಭಾಗ. ಕೆಳಗಿನ ಅರ್ಧ ಸರ್ಕಾರಿ ಅಧಿಕಾರಿಯದ್ದು: ಈ ವ್ಯಕ್ತಿಯ ಹೆಸರು ಕಾನೂನು ಪ್ರಕಾರ ಇಟ್ಟ ಹಾಜರಿ ಪುಸ್ತಕದಲ್ಲಿ ಇದೆ ಎಂದು ಆತ ದೃಢೀಕರಿಸಬೇಕು. ಅಂಗಡಿ, ವಾಣಿಜ್ಯ ಸಂಸ್ಥೆಯಾದರೆ ಸಾಮಾನ್ಯವಾಗಿ ಕಾರ್ಮಿಕ ಇಲಾಖೆಯ ಅಧಿಕಾರಿ. ಮಂಗಳೂರಿನ ಅಂಗಡಿಯಾದರೆ ಕರ್ನಾಟಕದ ಅಧಿಕಾರಿಯ ಬಳಿ ಕೇರಳದ ನಮೂನೆ ಹಿಡಿದು ಹೋಗಬೇಕು, ಅದೊಂದು ಅಲೆದಾಟ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಮೇಲೆ ಆ ಅರ್ಧ ಯಾವತ್ತೂ ತುಂಬುವುದಿಲ್ಲ. ಹೆಚ್ಚಿನವರು ಮೇಲಿನ ಅರ್ಧಕ್ಕೆ ಧಣಿಯ ಸಹಿ ಹಾಕಿಸಿ, ಕೆಳಗಿನದನ್ನು ಖಾಲಿ ಬಿಟ್ಟು ಅಪ್‌ಲೋಡ್ ಮಾಡುತ್ತಾರೆ.

ಮೂರನೆಯದು ಅನೇಕರಿಗೆ ಆಶ್ಚರ್ಯ ಆಗುವ ಸಂಗತಿ. ಡಿಗ್ರಿ ಇದ್ದರೇ ತೊಂದರೆ ಆಗುವ ಹುದ್ದೆಯೂ ಇದೆ. ಲಾಸ್ಟ್ ಗ್ರೇಡ್ ಸರ್ವೆಂಟ್ಸ್ (ಜವಾನನಂಥ ಕೊನೆಯ ದರ್ಜೆಯ) ಹುದ್ದೆಗೆ ಏಳನೇ ತರಗತಿ ಪಾಸಾಗಿರಬೇಕು, ಪದವಿ ಪಡೆದಿರಬಾರದು. ಪದವಿ ಮುಚ್ಚಿಟ್ಟು ಬರೆದು ಸಿಕ್ಕಿಬಿದ್ದರೆ ಇದ್ದ ಅವಕಾಶವೂ ಹೋಗುತ್ತದೆ. ಎಲ್‌ಡಿ (ಲೋವರ್ ಡಿವಿಷನ್) ಕ್ಲರ್ಕಿಗೆ ಎಸ್‌ಎಸ್‌ಎಲ್‌ಸಿ ಸಾಕು, ಅನುಭವ ಕೇಳುವುದೇ ಇಲ್ಲ. ವಯಸ್ಸು ಸಾಮಾನ್ಯ ವರ್ಗಕ್ಕೆ 36, ಒಬಿಸಿಗೆ 39, ಎಸ್‌ಸಿ, ಎಸ್‌ಟಿಗೆ 41ರವರೆಗೆ. ಕಾಸರಗೋಡಿಗೆ ಕನ್ನಡ ಮತ್ತು ಮಲಯಾಳ ಬಲ್ಲ ಎಲ್‌ಡಿ ಕ್ಲರ್ಕ್ ಎಂಬ ಪ್ರತ್ಯೇಕ ಹುದ್ದೆಯೇ ಇದೆ, ಅದರ ಮೇಲೆ ಕಣ್ಣಿಡಿ. ಆ "ಬಲ್ಲ" ಎಂಬ ಮಾತಿನಲ್ಲಿ ಮಲಯಾಳ ಓದುವುದೂ ಬರೆಯುವುದೂ ಸೇರಿದೆ. ತಮ್ಮ ಈಗಿನಿಂದಲೇ ದಿನಕ್ಕೆ ಒಂದು ಪುಟ ಮಲಯಾಳ ಪತ್ರಿಕೆ ಓದಲಿ. ಸೆಕ್ರೆಟೇರಿಯಟ್ ಅಸಿಸ್ಟೆಂಟ್, ಯುನಿವರ್ಸಿಟಿ ಅಸಿಸ್ಟೆಂಟ್ ಹುದ್ದೆಗಳಿಗೆ ಪದವಿ ಬೇಕೇ ಬೇಕು, ಅಲ್ಲಿಯೂ ಅನುಭವ ಕೇಳುವುದಿಲ್ಲ.

ಶಿರಿಯ ಹೊಳೆ

ಅಬ್ಬಾ, ಇಷ್ಟು ಉಂಟಾ! ಜೆಡಿಸಿ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಅಂಗಡಿ ಕೆಲಸ ಮಾಡಿದರೂ ಮಾಡದಿದ್ದರೂ ಒಂದೇ ಅಂತಾಯ್ತಾ? ಮತ್ತೆ ಹಗಲು ಕೆಲಸ, ಜತೆಗೆ ದೂರಶಿಕ್ಷಣ ಅಂತ ಹೊರಟರೆ ಯಾವ ವಿಶ್ವವಿದ್ಯಾನಿಲಯ? ಗಲ್ಫ್ ಬಗ್ಗೆಯೂ ಯಾರಾದರೂ ಹೇಳಿ.

ಕುಂಬಳೆ ಸ್ಟೇಷನ್

ಪೊಸಡಿಗುಂಪೆಯವರು ಹೇಳಿದ್ದು ನೂರಕ್ಕೆ ನೂರು ಸರಿ, ಆದರೆ ಅದು ಪಿಎಸ್‌ಸಿಗೆ ಮಾತ್ರ. ಖಾಸಗಿಯವರಿಗೆ ಡಿಗ್ರಿಗಿಂತ ಮೊದಲಿನ ಅನುಭವ, ನಂತರದ ಅನುಭವ ಅಂತ ಭೇದ ಇಲ್ಲ ಮಾರಾಯ್ರೆ. ಅಲ್ಲಿ ಡಿಗ್ರಿ ಬಾಗಿಲು ತೆರೆಯುವುದಕ್ಕೆ, ಅನುಭವ ಸಂಬಳ ನಿಗದಿ ಮಾಡುವುದಕ್ಕೆ. ಆನ್‌ಲೈನ್ ಅರ್ಜಿಯಲ್ಲಿ "ವಿದ್ಯಾರ್ಹತೆ" ಅಂತ ಕೇಳುವ ಜಾಗದಲ್ಲಿ "ಪದವಿ" ಒತ್ತದಿದ್ದರೆ ಮನುಷ್ಯ ನೋಡುವ ಮೊದಲೇ ಕಂಪ್ಯೂಟರ್ ಆಚೆ ಹಾಕ್ತದೆ. ಊರಿನ ಅಂಗಡಿ, ಗೇರುಬೀಜದ ಕಾರ್ಖಾನೆ, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಆ ಕಂಪ್ಯೂಟರ್ ಇಲ್ಲ. ಅಲ್ಲಿ ಕೂರಿಸಿ ಬಿಲ್ ಹೊಡಿಸಿ ನೋಡ್ತಾರೆ, ಅಷ್ಟೆ.

ಇನ್ನೊಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಡಿಗ್ರಿ ಆದವರಿಗೆ ಎನ್‌ಎಟಿಎಸ್ ಅಂತ ಕೇಂದ್ರದ ಅಪ್ರೆಂಟಿಸ್ ಯೋಜನೆ ಉಂಟು. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ಸ್ಟೈಪೆಂಡ್ ಇಟ್ಟಿದ್ದರು. ಬ್ಯಾಂಕು, ಸಾರ್ವಜನಿಕ ಉದ್ದಿಮೆಗಳು ಇದರಲ್ಲಿ ಹುಡುಗರನ್ನು ತಕ್ಕೊಳ್ತವೆ. ಆದರೆ ಒಂದು ವರ್ಷ ಅಥವಾ ಹೆಚ್ಚು ಕೆಲಸದ ಅನುಭವ ಇದ್ದವರಿಗೆ ಅದರಲ್ಲಿ ಜಾಗ ಇಲ್ಲ. ಡಿಗ್ರಿ ಆಗಿ ಅಲ್ಲಿ ಇಲ್ಲಿ ಎರಡು ವರ್ಷ ಕಳೆದು ಮತ್ತೆ ಅಪ್ರೆಂಟಿಸ್‌ಗೆ ಹೋಗುವ ಅಂದರೆ ಆಗುವುದಿಲ್ಲ. ಅಲ್ಲಿ ಅನುಭವವೇ ಅಡ್ಡ ಬರ್ತದೆ.

ದೇರಾ ಬದಿಯಿಂದ

ಗಲ್ಫ್ ಅಂದರೆ ಒಂದು ದೇಶ ಅಲ್ಲ, ನಿಯಮವೂ ಒಂದಲ್ಲ. ಮುಖ್ಯವಾದದ್ದು ಮಾತ್ರ ಹೇಳ್ತೇನೆ.

ಎಲ್ಲಕ್ಕಿಂತ ಮೊದಲು ಎಸ್‌ಎಸ್‌ಎಲ್‌ಸಿ. ಹತ್ತನೇ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ಎಮಿಗ್ರೇಶನ್ ತಪಾಸಣೆ ಬೇಕು) ಅಂತ ಬೀಳ್ತದೆ. ಅಂಥವರಿಗೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಶನ್ ಅನುಮತಿ ಬೇಕು, ಗಲ್ಫಿನ ಆರೂ ದೇಶ ಆ ಪಟ್ಟಿಯಲ್ಲಿ ಉಂಟು. ನಿಮ್ಮ ತಮ್ಮನಿಗೆ ಆ ರಗಳೆ ಇಲ್ಲ.

ಯುಎಇಯಲ್ಲಿ "ಅಕೌಂಟೆಂಟ್" ಅಂತ ಹುದ್ದೆ ಬರೆಸಿ ವೀಸಾ ಮಾಡಬೇಕಾದರೆ ಅಟೆಸ್ಟ್ ಆದ (ಸರ್ಕಾರದ ಕಡೆಯಿಂದ ದೃಢೀಕರಿಸಿದ) ಡಿಗ್ರಿ ಬೇಕು. ಇಲ್ಲದಿದ್ದರೆ ಕಂಪೆನಿಯವರು ಕೆಳಗಿನ ದರ್ಜೆಯ ಹುದ್ದೆ ಹಾಕಿ ಅದೇ ಕೆಲಸ ಮಾಡಿಸ್ತಾರೆ. ಕೆಲಸ ಒಂದೇ, ಸಂಬಳ ಬೇರೆ. ಐದು ವರ್ಷ ಆದ ಮೇಲೆ ಅನುಭವ ಪತ್ರದಲ್ಲಿ ಬರುವುದೂ ಆ ಕೆಳಗಿನ ಹುದ್ದೆಯ ಹೆಸರೇ. ಡಿಗ್ರಿ ಇಲ್ಲದ ಅನುಭವಕ್ಕೆ ಗಲ್ಫಿನಲ್ಲಿ ಬೀಳುವ ದೊಡ್ಡ ಪೆಟ್ಟು ಇದು. ಫ್ಯಾಮಿಲಿ ವೀಸಾಕ್ಕೆ ಮಾತ್ರ 2019ರಿಂದ ಹುದ್ದೆ ಯಾವುದು ಅಂತ ನೋಡುವುದಿಲ್ಲ. 4,000 ದಿರಮ್ ಸಂಬಳ, ಅಥವಾ 3,000 ಮತ್ತು ವಸತಿ ಇದ್ದರೆ ಸಾಕು.

ಅಟೆಸ್ಟೇಶನ್ ದಾರಿ ಹೀಗೆ: ಡಿಗ್ರಿ ಕೊಟ್ಟ ರಾಜ್ಯದ ದೃಢೀಕರಣ, ಮತ್ತೆ ವಿದೇಶಾಂಗ ಇಲಾಖೆ, ಮತ್ತೆ ಆ ದೇಶದ ರಾಯಭಾರ ಕಚೇರಿ, ಕೊನೆಗೆ ಅಲ್ಲಿ ಇಳಿದ ಮೇಲೆ ಅಲ್ಲಿಯ ವಿದೇಶಾಂಗ ಸಚಿವಾಲಯ. ಯುಎಇ, ಕತಾರ್, ಕುವೈತಿಗೆ ಇದು. ಒಮಾನ್, ಬಹರೈನ್, ಮತ್ತೆ 2022ರ ಡಿಸೆಂಬರಿನಿಂದ ಸೌದಿಗೂ ಅಪೊಸ್ಟಿಲ್ (ನಮ್ಮ ವಿದೇಶಾಂಗ ಇಲಾಖೆ ಹಾಕುವ ಅಂತಾರಾಷ್ಟ್ರೀಯ ದೃಢೀಕರಣ ಮುದ್ರೆ) ಸಾಕು, ರಾಯಭಾರ ಕಚೇರಿಯ ಮೆಟ್ಟಿಲು ಹತ್ತುವ ಕೆಲಸ ಇಲ್ಲ.

ಕಾಸರಗೋಡಿನವರು ಎಡವುವುದು ಮೊದಲ ಮೆಟ್ಟಿಲಲ್ಲೇ. "ಡಿಗ್ರಿ ಕೊಟ್ಟ ರಾಜ್ಯ" ಅಂದರೆ ನೀವು ಇರುವ ರಾಜ್ಯ ಅಲ್ಲ. ಕಣ್ಣೂರು ವಿಶ್ವವಿದ್ಯಾನಿಲಯದ್ದಾದರೆ ಕೇರಳ ಸರ್ಕಾರದ ಪ್ರವಾಸಿ ಸಂಸ್ಥೆ ನೋರ್ಕಾ ರೂಟ್ಸ್, ಕೋಯಿಕ್ಕೋಡಿನಲ್ಲಿ ಕೇಂದ್ರ ಉಂಟು. ಮಂಗಳೂರು ವಿಶ್ವವಿದ್ಯಾನಿಲಯದ್ದಾದರೆ ಕರ್ನಾಟಕ ಸರ್ಕಾರದ ಕಡೆಯಿಂದ ಆಗಬೇಕು. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಅಸಲು ಪ್ರಮಾಣಪತ್ರ, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಕೈಯಲ್ಲಿರಲಿ. ಪ್ರೊವಿಶನಲ್ ನಡಿಯುವುದಿಲ್ಲ, ಘಟಿಕೋತ್ಸವದ ಪ್ರಮಾಣಪತ್ರವೇ ಬೇಕು. ಅದು ತಾನಾಗಿ ಮನೆಗೆ ಬರ್ತದೆ ಅಂತ ಕಾಯುವುದಲ್ಲ, ಅರ್ಜಿ ಹಾಕಿ ತರಿಸಿಕೊಳ್ಳಬೇಕು. ವೀಸಾ ಬಂದ ಮೇಲೆ ಅರ್ಜಿ ಹಾಕಿದರೆ ಆಫರ್ ಕೈತಪ್ಪಿ ಹೋಗ್ತದೆ.

ಮತ್ತೆ ಹೆಸರು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ "ಗಣೇಶ ಕೆ", ಆಧಾರಿನಲ್ಲಿ "ಕೆ ಗಣೇಶ್ ಭಟ್", ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಮನೆಹೆಸರು ಪೂರ್ತಿ. ನಮ್ಮ ಕಡೆ ಇದು ಸಾಮಾನ್ಯ, ಅದರ ಮೇಲೆ ಮಲಯಾಳದಿಂದ ಇಂಗ್ಲಿಷಿಗೆ ಹೋಗುವಾಗ ಸ್ಪೆಲ್ಲಿಂಗ್ ಬೇರೆಯೇ ಆಗಿರ್ತದೆ. ಮೂರೂ ಒಂದೇ ಅಕ್ಷರಕ್ಕೆ ಬರುವ ಹಾಗೆ ಈಗಲೇ ಮಾಡಿಸಿ. ಡಿಗ್ರಿಗೆ ಸೇರುವಾಗ ಎಸ್‌ಎಸ್‌ಎಲ್‌ಸಿಯ ಹೆಸರೇ ಹೋಗುವುದು, ಆಮೇಲೆ ತಿದ್ದುವುದು ಕಷ್ಟ.

ಎಂಜಿನಿಯರುಗಳಿಗೆ ಡಿಗ್ರಿ ಇದ್ದೂ ಸಾಲದೆ ಹೋದದ್ದುಂಟು. 2018ರಲ್ಲಿ ಕುವೈತ್ ಅಲ್ಲಿಯ ಎಂಜಿನಿಯರುಗಳ ಸಂಘದ ಒಪ್ಪಿಗೆ ಪತ್ರ ಕಡ್ಡಾಯ ಮಾಡಿತು. ಸಂಘದವರು ಕಾಲೇಜಿನ ಕೋರ್ಸಿಗೆ ಎನ್‌ಬಿಎ (ಭಾರತದ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಉಂಟಾ ಅಂತ ನೋಡಿದರು. ಹತ್ತು ಹದಿನೈದು ವರ್ಷ ಅನುಭವ ಇದ್ದ ಎಂಜಿನಿಯರುಗಳೂ ಅಕಾಮಾ (ಅಲ್ಲಿಯ ವಾಸದ ಪರವಾನಗಿ) ನವೀಕರಿಸಲಿಕ್ಕೆ ಆಗದೆ ಒದ್ದಾಡಿದರು. ಇದು ನಿಮಗೆ ಬೇಡದ ವಿಷಯ, ಓದುವ ಬೇರೆಯವರಿಗೆ ಇರಲಿ.

ಅಡಿಕೆ ಸೋಗೆ

ಎಲ್ಲರೂ ಬಿ.ಕಾಂ. ಹಿಡಿದೇ ಮಾತಾಡ್ತಿದ್ದೀರಿ. ಪ್ಲಸ್ ಟೂ ಕಾಮರ್ಸ್ ಆದವ ಐಟಿಐಗೆ ಹೋಗಬಾರದು ಅಂತ ಎಲ್ಲಿಯಾದರೂ ಬರೆದಿದೆಯಾ? ಎಲೆಕ್ಟ್ರಿಷಿಯನ್, ರೆಫ್ರಿಜರೇಶನ್ ಮತ್ತು ಎ.ಸಿ., ಎರಡೂ 2 ವರ್ಷದ ಟ್ರೇಡ್, ಹತ್ತನೇ ಪಾಸು ಸಾಕು. ವಿದ್ಯಾನಗರದಲ್ಲೇ ಸರ್ಕಾರಿ ಐಟಿಐ ಉಂಟು. ಇಂಥ ಕೆಲಸದಲ್ಲಿ ಕೈ ಮುಖ್ಯ. ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಸರಿಯಾಗಿ ಎಳೆಯದೆ ಬಿಟ್ಟರೆ ಪೈಪಿನ ಒಳಗಿನ ತೇವ ಕ್ಯಾಪಿಲರಿಯಲ್ಲಿ ಮಂಜಾಗಿ ಕಟ್ಟುತ್ತದೆ. ಸ್ವಲ್ಪ ಹೊತ್ತು ತಂಪು, ಮತ್ತೆ ಇಲ್ಲ, ಮತ್ತೆ ತಂಪು. ಮನೆಯವರು ಗ್ಯಾಸ್ ಕಮ್ಮಿ ಅಂತ ತಿಳಿದು ಮತ್ತೆ ತುಂಬಿಸ್ತಾರೆ. ಇದು ತರಗತಿಯಲ್ಲಿ ಕೇಳಿ ಬರುವ ವಿದ್ಯೆ ಅಲ್ಲ, ಹತ್ತು ಮೆಷಿನ್ ಬಿಚ್ಚಬೇಕು.

ಹಾಗಂತ ಕೈಯೊಂದೇ ಸಾಕು ಅಂತಲೂ ಹೇಳುವುದಿಲ್ಲ. ಸೌದಿಗೆ ಹೋಗುವ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎ.ಸಿ. ಟೆಕ್ನಿಷಿಯನ್, ವಾಹನದ ಎಲೆಕ್ಟ್ರಿಷಿಯನ್, ಈ ಐದು ಕೆಲಸದವರಿಗೆ ಊರಲ್ಲೇ ಕೌಶಲ ಪರೀಕ್ಷೆ ಶುರು ಮಾಡಿದ್ದಾರೆ. ಬರಹದ್ದೂ ಉಂಟು, ಕೈಕೆಲಸದ್ದೂ ಉಂಟು. ಹದಿನೈದು ವರ್ಷ ವಯರಿಂಗ್ ಮಾಡಿದವರು ಬೀಳುವುದು ಬರಹದ್ದರಲ್ಲಿ: ಅರ್ಥಿಂಗ್, ಕೇಬಲಿನ ಗಾತ್ರ, ಸುರಕ್ಷತೆಯ ಚಿಹ್ನೆ. ಐಟಿಐ ಹುಡುಗರು ಬೀಳುವುದು ಕೈಕೆಲಸದಲ್ಲಿ, ಸಮಯ ಸಾಲುವುದಿಲ್ಲ.

ಪೊಸಡಿಗುಂಪೆ

ಸೋಗೆಯವರೆ, ಕೆಲಸ ಗೌರವದ್ದೇ, ಅದರಲ್ಲಿ ಮಾತಿಲ್ಲ. ಆದರೆ ಹುಡುಗನಿಗೆ ಲೆಕ್ಕದಲ್ಲಿ ಆಸಕ್ತಿ ಎಂದು ಪ್ರಶ್ನೆಯಲ್ಲೇ ಕಾಣುತ್ತದೆ. ಅವನನ್ನು ಏಣಿ ಹತ್ತಿಸುವುದು ಬೇಡ.

ಅಡಿಕೆ ಸೋಗೆ

ಹತ್ತುವುದು ಬೇಡ ಅಂತಾದರೆ ಬೇಡ ಬಿಡಿ. ಆಯ್ಕೆ ಉಂಟು ಅಂತ ಹೇಳಿದೆ ಅಷ್ಟೆ.

ತಲಪಾಡಿ ಗೇಟು

ಹಗಲು ಕೆಲಸ, ಜತೆಗೆ ಓದು ಅಂತ ಕೇಳಿದ್ರಲ್ಲ. ಮೂರು ದಾರಿ ಉಂಟು.

ಒಂದು, ಮಂಗಳೂರು ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಸಂಧ್ಯಾ ಕಾಲೇಜು. ಕೆಲಸ ಮಾಡುವವರಿಗೆ ಅಂತಲೇ ಇರುವುದು. ಡಿಗ್ರಿಯೂ ಮಾಮೂಲಿ ಡಿಗ್ರಿಯೇ, ದೂರಶಿಕ್ಷಣ ಅಂತ ಮುದ್ರೆ ಬೀಳುವುದಿಲ್ಲ. ಕರ್ನಾಟಕದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಕಷ್ಟ ಇರುವುದು ರಾತ್ರಿ ಕ್ಲಾಸು ಬಿಟ್ಟು ಮನೆಗೆ ಮುಟ್ಟುವುದರಲ್ಲಿ. ಮಂಜೇಶ್ವರ, ಉಪ್ಪಳದವರೆಗೆ ಹೇಗಾದರೂ ಆಗಬಹುದು. ಅದರಾಚೆ ಬದಿಯಡ್ಕ, ಪೆರ್ಲ ಅಂತಾದರೆ ರೂಮು ಮಾಡಬೇಕಾದೀತು, ಆಗ 10,470ರಲ್ಲಿ ಉಳಿಯುವುದೆಷ್ಟು ಅಂತ ಲೆಕ್ಕ ಹಾಕಿ. ಇನ್ನೊಂದು ತೊಡಕು, ಪಿಎಸ್‌ಸಿಯವರು ಹೊರರಾಜ್ಯದ ಪದವಿಗೆ ತತ್ಸಮಾನ ಪತ್ರ ಕೇಳಿಯಾರು. ಪರಿಶೀಲನೆಗೆ ಕರೆ ಬಂದ ಮೇಲೆ ಓಡಾಡುವುದಕ್ಕಿಂತ ಡಿಗ್ರಿ ಸಿಕ್ಕಿದ ಕೂಡಲೇ ಮಾಡಿಸಿಡಿ.

ಎರಡು, ಇಗ್ನೊ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ). ನಮ್ಮ ಜಿಲ್ಲೆಗೆ ಪ್ರಾದೇಶಿಕ ಕೇಂದ್ರ ವಡಗರ. ಜುಲೈ, ಜನವರಿ ಎರಡು ಸಲ ಸೇರ್ಪಡೆ, ಜೂನ್ ಮತ್ತು ಡಿಸೆಂಬರ್ ಪರೀಕ್ಷೆ. ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70 ತೂಕ, ಪದವಿಗೆ ಎರಡರಲ್ಲೂ ಬೇರೆ ಬೇರೆಯಾಗಿ ಶೇ. 35 ಬೇಕು. ಕೆಲಸದವರು ಇಲ್ಲಿ ಸೋಲುವುದು ಪರೀಕ್ಷೆಯಲ್ಲಿ ಅಲ್ಲ, ಅಸೈನ್‌ಮೆಂಟಿನಲ್ಲಿ. ಕಾರಣ, ಅದನ್ನು ಬರೆದು ಕೊಡಲಿಕ್ಕೆ ಯಾರೂ ಒತ್ತಾಯ ಮಾಡುವುದಿಲ್ಲ. ಮೂರು ವರ್ಷದ ಕೋರ್ಸನ್ನು ಆರು ವರ್ಷದವರೆಗೆ ಎಳೆಯುವ ಅವಕಾಶ ಉಂಟು, ಆ ಅವಕಾಶವೇ ಹೆಚ್ಚಿನವರಿಗೆ ಮುಳುವು.

ಮೂರು, ಕೇರಳದ ಶ್ರೀನಾರಾಯಣಗುರು ಮುಕ್ತ ವಿಶ್ವವಿದ್ಯಾನಿಲಯ, ತಲಶ್ಶೇರಿಯಲ್ಲಿ ಪ್ರಾದೇಶಿಕ ಕೇಂದ್ರ.

ಯಾವುದಕ್ಕೇ ಸೇರಿ, ಆ ವರ್ಷ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಹೆಸರು ಉಂಟಾ ನೋಡಿ. ವಿಶ್ವವಿದ್ಯಾನಿಲಯದ ಹೆಸರಿದ್ದರೆ ಸಾಲದು, ಕೋರ್ಸಿನ ಹೆಸರೂ ಇರಬೇಕು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013–14ರಿಂದ 2017–18ರವರೆಗೆ ಮಾನ್ಯತೆ ಇರಲಿಲ್ಲ. 2018ರಲ್ಲಿ ಮತ್ತೆ ಬಂತು. ನಡುವೆ ಸೇರಿದವರ ಪಾಡು ಕರ್ನಾಟಕದ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಈಗ ಸೇರುವ ಮೊದಲು ವಿದ್ಯಾರ್ಥಿಯೇ ಡಿಇಬಿ-ಐಡಿ (ಆ ದೂರಶಿಕ್ಷಣ ವಿಭಾಗದ ಗುರುತು ನಂಬರ್) ಮಾಡಿಸಿಕೊಳ್ಳಬೇಕು. ಅದಿಲ್ಲದೆ ಯಾರಾದರೂ "ಸೀಟು ಕೊಡ್ತೇವೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ರೆಗ್ಯುಲರ್ ಕಾಲೇಜೇ ಅಂತಾದರೆ, ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ. 133 ಕ್ರೆಡಿಟ್ ಆದ ಮೇಲೆ ಮೂರು ವರ್ಷಕ್ಕೇ ಡಿಗ್ರಿ ತಕ್ಕೊಂಡು ಹೊರಗೆ ಬರಬಹುದು, ಆನರ್ಸ್ ಬೇಕಾದರೆ 177. ಅದರಲ್ಲಿ 2 ಕ್ರೆಡಿಟ್ಟಿನ ಇಂಟರ್ನ್‌ಶಿಪ್ ಉಂಟು. ಹೆಚ್ಚಿನ ಮಕ್ಕಳು ಅದನ್ನು ಎಲ್ಲಿಂದಾದರೂ ಸಹಿ ಹಾಕಿಸಿ ಮುಗಿಸ್ತಾರೆ. ತಮ್ಮ ಅದನ್ನು ಒಬ್ಬ ಸಿಎ ಆಫೀಸಿನಲ್ಲಿ ಮಾಡಲಿ, 11ರಿಂದ 20ನೇ ತಾರೀಕಿನ ನಡುವೆ ಅಲ್ಲಿರುವ ಹಾಗೆ ನೋಡಿಕೊಳ್ಳಲಿ. ಆ ಹತ್ತು ದಿನದಲ್ಲಿ ಕಲಿಯುವುದು ಬಾಕಿ ಇಪ್ಪತ್ತು ದಿನದಲ್ಲಿ ಸಿಗುವುದಿಲ್ಲ.

ಶಿರಿಯ ಹೊಳೆ

ಎಲ್ಲರಿಗೂ ಉಪಕಾರ. ಮನೆಯಲ್ಲಿ ಓದಿ ಹೇಳಿದೆ. ಅಪ್ಪ "ನಾನು ಹೇಳಲಿಲ್ಲವಾ" ಅಂದರು, ಮಾವನೂ ಅದನ್ನೇ ಹೇಳಿದರು. ಸದ್ಯಕ್ಕೆ ಯೋಚನೆ ಹೀಗೆ: ಸಹಕಾರ ಐಚ್ಛಿಕ ಇರುವ ಬಿ.ಕಾಂ. ಸಿಕ್ಕಿದರೆ ರೆಗ್ಯುಲರ್. ಸಿಗದಿದ್ದರೆ ಈ ವರ್ಷ ಜೆಡಿಸಿ, ಜತೆಗೆ ಇಗ್ನೊ. ಅಂಗಡಿಯವರಿಗೆ ರಜೆಯಲ್ಲಿ ಬರ್ತಾನೆ ಅಂತ ಹೇಳಿದ್ದೇವೆ. ಒಂದೇ ಒಂದು ಸಂಶಯ: ಜೆಡಿಸಿ ಮತ್ತು ಇಗ್ನೊ ಒಟ್ಟಿಗೆ ಮಾಡಿದರೆ ನಾಳೆ ಯಾರಾದರೂ ತಕರಾರು ಎತ್ತುತ್ತಾರಾ?

ಮಧುವಾಹಿನಿ

2022ರ ಏಪ್ರಿಲಿನಲ್ಲಿ ಯುಜಿಸಿ ಒಂದು ರೆಗ್ಯುಲರ್, ಒಂದು ದೂರಶಿಕ್ಷಣ ಹೀಗೆ ಎರಡು ಕೋರ್ಸು ಒಟ್ಟಿಗೆ ಮಾಡಬಹುದು ಎಂದು ಮಾರ್ಗಸೂಚಿ ಹೊರಡಿಸಿದೆ. ಆದರೆ ಜೆಡಿಸಿ ಯುಜಿಸಿಯ ಕೆಳಗೆ ಬರುವ ಕೋರ್ಸಲ್ಲ, ಸಹಕಾರಿ ಯೂನಿಯನ್ನಿನದ್ದು. ಹಾಗಾಗಿ ಜೆಡಿಸಿಯ ಪ್ರಾಸ್ಪೆಕ್ಟಸ್ ತೆರೆದು, ತರಬೇತಿಯ ಅವಧಿಯಲ್ಲಿ ಬೇರೆ ಕೋರ್ಸು ಮಾಡಬಾರದು ಎಂಬ ಷರತ್ತು ಇದೆಯೇ ಎಂದು ನೋಡಿ, ಇದ್ದರೆ ಇಗ್ನೊವನ್ನು ಮುಂದಿನ ಜನವರಿ ಅಥವಾ ಜುಲೈಗೆ ಸೇರಿಸಿ. ಹಾಜರಿ ಕಡಿಮೆಯಾದರೆ ಜೆಡಿಸಿ ಪರೀಕ್ಷೆಗೆ ಕೂರಿಸಲಿಕ್ಕಿಲ್ಲ, ರಜೆಯ ಅಂಗಡಿ ಕೆಲಸ ಆ ದಿನಗಳ ಮೇಲೆ ಬೀಳದಿರಲಿ.